ಮನೆಯೊಳಗೆ ಕಡಿಮೆ ಇತ್ತು, ಹೊರಗೆ ಬೇಕಾದಷ್ಟಿತ್ತು

ಎಲ್ಲರಿಗೂ ನಮಸ್ಕಾರ. ಮೊನ್ನೆ ಕೆನಡಾದ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ದುಂದು ಮಾಡುವವರೂ ಅಲ್ಲ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಊರಲ್ಲಿ ಅಪ್ಪ ಅಮ್ಮ ಇದಕ್ಕಿಂತ ಎಷ್ಟೋ ಕಡಿಮೆಯಲ್ಲಿ ನೆಮ್ಮದಿಯಾಗಿದ್ದರು, ನಮಗೆ ಯಾಕೆ ಆಗ್ತಿಲ್ಲ, ಮಕ್ಕಳಿಗೆ ಅದನ್ನು ಕಲಿಸೋದು ಹೇಗೆ ಅಂತ ಕೇಳಿದ್ದರು.

ಬಂದ ಉತ್ತರಗಳನ್ನೆಲ್ಲ ಓದಿದೆ. ಸಾಮಾನು ಕಡಿಮೆ ಮಾಡಿ, ಆನ್‌ಲೈನ್ ಶಾಪಿಂಗ್ ಬಿಡಿ, ಮಕ್ಕಳಿಗೆ ಆಟಿಕೆ ತರಬೇಡಿ ಅಂತ ಹೆಚ್ಚಿನವರು ಹೇಳಿದ್ದೀರಿ. ಒಳ್ಳೆಯ ಮಾತೇ. ಆದರೆ ಅದನ್ನು ಓದಿ ಅವರಿಗೆ ಇನ್ನಷ್ಟು ಬೇಜಾರಾಗಿರಬಹುದು. ತಪ್ಪೆಲ್ಲ ತಮ್ಮದೇ, ಒಂದಿಷ್ಟು ಬಟ್ಟೆ, ಆಟಿಕೆ ಕೊಂಡಿದ್ದಕ್ಕೇ ಈ ಗತಿ ಅಂತ ಅವರಿಗೆ ಅನ್ನಿಸಬಾರದು. ಲೆಕ್ಕ ಹಾಗಿಲ್ಲ.

ಕೆನಡಾದಲ್ಲಿರುವ ನಮ್ಮಂಥವರ ಲೆಕ್ಕವನ್ನೇ ನೋಡಿ. 2022ರ ಶುರುವಿನಲ್ಲಿ ಇಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ ಶೇಕಡಾ 0.25 ಇತ್ತು. 2023ರ ಜುಲೈ ಹೊತ್ತಿಗೆ ಅದು ಶೇಕಡಾ 5ಕ್ಕೆ ಏರಿತು. ಅದರ ಜೊತೆ ಮನೆ ಸಾಲದ ಬಡ್ಡಿಯೂ ಏರಿತು. 5 ಲಕ್ಷ ಡಾಲರ್ ಮನೆ ಸಾಲ, 25 ವರ್ಷದ ಅವಧಿ ಅಂತಿಟ್ಟುಕೊಳ್ಳಿ. ಶೇಕಡಾ 2ರ ಬಡ್ಡಿಗೆ ತಿಂಗಳ ಕಂತು ಸುಮಾರು 2,100 ಡಾಲರ್. ಅದೇ ಸಾಲಕ್ಕೆ ಶೇಕಡಾ 5 ಆದರೆ ಸುಮಾರು 2,900. ತಿಂಗಳಿಗೆ 800 ಡಾಲರ್ ಸುಮ್ನೆ ಹೋಯ್ತು. ಯಾವ ಆಟಿಕೆ ಬಿಟ್ಟರೂ, ಯಾವ ಕಾಫಿ ಬಿಟ್ಟರೂ ಅದು ವಾಪಸ್ ಬರುವುದಿಲ್ಲ. ಅದರ ಮೇಲೆ ಮಕ್ಕಳ ಡೇಕೇರ್, ಕಾರಿನ ವಿಮೆ. ಒಂಟಾರಿಯೊದಲ್ಲಿ ವಿಮೆ ಎಷ್ಟು ಅಂತ ನಿಮಗೇ ಗೊತ್ತಲ್ಲ. ಹಾಗಾಗಿ ಮೊದಲು ಆ ಅಪರಾಧಿ ಭಾವ ಬಿಡಿ ಅಂತ ಕೇಳಿದವರಿಗೆ ಹೇಳಬೇಕು ಅನ್ನಿಸಿತು.

ಹಾಗಾದರೆ ಸಾಮಾನು ಕಡಿಮೆ ಇದ್ದರೆ ಉಪಯೋಗವೇ ಇಲ್ಲವಾ? ಇದೆ. ಆದರೆ ಅದು ಸಾಮಾನಿನ ಬೆಲೆಯಲ್ಲಿಲ್ಲ, ಮನೆಯ ಅಳತೆಯಲ್ಲಿದೆ. ನಮ್ಮ ಸುತ್ತ ಎಷ್ಟೋ ಜನ ದೊಡ್ಡ ಮನೆಗೆ ಹೋದದ್ದು ಸಾಮಾನು ಹಿಡಿಸುತ್ತಿಲ್ಲ ಅಂತ. ಗ್ಯಾರೇಜಿನಲ್ಲಿ ಡಬ್ಬಗಳು ತುಂಬಿ ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತದೆ. ನಾವು ಚಿಕ್ಕ ಟೌನ್‌ಹೌಸಿನಲ್ಲೇ ಉಳಿದೆವು. ಎರಡನೇ ಕಾರು ಬೇಡ ಅಂದೆವು, ಯಜಮಾನರು ಬಸ್ಸಿನಲ್ಲಿ ಹೋಗುತ್ತಾರೆ. ಈ ಎರಡು ತೀರ್ಮಾನದಿಂದ ಉಳಿದಷ್ಟು ದುಡ್ಡು ಬೇರೆ ಎಲ್ಲ ಉಳಿತಾಯ ಸೇರಿಸಿದರೂ ಆಗುವುದಿಲ್ಲ. ಆ ದುಡ್ಡು ಮೊದಲು ಮಕ್ಕಳ ಆರ್‌ಇಎಸ್‌ಪಿ ಖಾತೆಗೆ, ಅಂದರೆ ಮುಂದಿನ ಓದಿಗೆ ಅಂತ ಕೂಡಿಡುವ ಖಾತೆಗೆ ಹೋಗುತ್ತದೆ. ಒಂದು ಮಗುವಿನ ಹೆಸರಲ್ಲಿ ವರ್ಷಕ್ಕೆ 2,500 ಡಾಲರ್ ಹಾಕಿದರೆ ಸರ್ಕಾರ 500 ಸೇರಿಸುತ್ತದೆ, ಒಟ್ಟು 7,200 ಡಾಲರ್‌ವರೆಗೆ. ಅಷ್ಟು ಹಾಕೋಕೆ ಆಗದಿದ್ದರೂ ಆದಷ್ಟು ಹಾಕಿ, ಹಾಕಿದ್ದರ ಶೇಕಡಾ 20 ಬಂದೇ ಬರುತ್ತದೆ. ಹೊಸದಾಗಿ ಬಂದವರಲ್ಲಿ ಎಷ್ಟೋ ಜನ ಇದನ್ನು ತೆರೆದೇ ಇರುವುದಿಲ್ಲ.

ಈಗ ಊರಿನ ವಿಷಯ. ಮಕ್ಕಳ ರಜೆಗೆ ಅಂತ ನಾವೀಗ ಶಿರಸಿ ಹತ್ತಿರದ ನನ್ನ ತವರಿಗೆ ಬಂದಿದ್ದೇವೆ. ಜುಲೈ ತಿಂಗಳು, ಮಳೆ ಬಿಡುವ ಲಕ್ಷಣವೇ ಇಲ್ಲ. ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಕ್ಕಳು ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿನ್ನುತ್ತಾರೆ, ಅಜ್ಜನ ಜೊತೆ ಕವಡೆ ಆಡುತ್ತಾರೆ. ಬೇಜಾರು ಅಂತ ಒಂದು ಮಾತಿಲ್ಲ. ನೋಡಿ, ಇವರಿಗೆ ಇಷ್ಟೇ ಸಾಕು ಅಂತ ನಾನೂ ಹೇಳಬಹುದಿತ್ತು. ಆದರೆ ಆಯಿ (ಅಮ್ಮ) ಹತ್ತಿರ ಕೂತು ಹಳೆಯದನ್ನು ಕೇಳಿದಾಗ ಅಷ್ಟು ಸುಲಭವಾಗಿ ಹೇಳೋಕೆ ಆಗಲಿಲ್ಲ.

ಕೊಳೆರೋಗ ಬಂದು ಅರ್ಧಕ್ಕರ್ಧ ಅಡಿಕೆ ಉದುರಿದ ವರ್ಷ ಬಂಗಾರ ಅಡ ಇಟ್ಟಿದ್ದರು. ನನ್ನ ಅಣ್ಣನ ಕಾಲೇಜು ಫೀಸು ತಡವಾಗಿತ್ತು. ಬೆಳಿಗ್ಗೆ ಕೊಟ್ಟಿಗೆಯಿಂದ ಶುರುವಾದ ಆಯಿಯ ಕೆಲಸ ರಾತ್ರಿ ಹತ್ತಾದರೂ ಮುಗಿಯುತ್ತಿರಲಿಲ್ಲ. ಆಗ ನೆಮ್ಮದಿ ಇತ್ತಾ ಅಂತ ಕೇಳಿದೆ. "ಬೇರೆ ದಾರಿ ಇತ್ತಿಲ್ಲೆ ತಂಗಿ, ಇದ್ದಿದ್ರಲ್ಲೇ ಆಗ್ತು ಹೇಳಿ ಮಾಡ್ತಿದ್ಯ" ಅಂದರು. ಬೇರೆ ದಾರಿ ಇರಲಿಲ್ಲ, ಇದ್ದುದರಲ್ಲೇ ಆಗುತ್ತೆ ಅಂತ ಮಾಡುತ್ತಿದ್ದೆವು ಅಂತ. ಇದನ್ನು ನಾವು ಮರೆಯಬಾರದು. ಅವರ ಕಷ್ಟವನ್ನು ನೆಮ್ಮದಿ ಅಂತ ಹೆಸರಿಟ್ಟು ಮಕ್ಕಳಿಗೆ ಪಾಠ ಮಾಡೋದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

ಆದರೂ ಅವರಲ್ಲಿ ಒಂದು ಧೈರ್ಯ ಇತ್ತು. ನಮಗೆ ಅದಿಲ್ಲ. ಅದು ಎಲ್ಲಿಂದ ಬಂತು ಅನ್ನೋದು ಈ ಸಲ ನನಗೆ ಸ್ವಲ್ಪ ಹೊಳೆಯಿತು.

ಮನೆಯಲ್ಲಿ ಒಂದು ಪೂಜೆ ಇತ್ತು. ಹಿಂದಿನ ಸಂಜೆ ಪಕ್ಕದ ಮನೆಯ ಜೀಪಿನಲ್ಲಿ ಪಾತ್ರೆ ಬಂದವು. ಎರಡು ದೊಡ್ಡ ಕೊಪ್ಪರಿಗೆ, ಅನ್ನದ ಹಂಡೆ, ಉದ್ದ ಹಿಡಿಕೆಯ ಸೌಟುಗಳು, ಜಮಖಾನೆ. ಕೊಪ್ಪರಿಗೆಯ ಅಂಚಿನಲ್ಲಿ ಊರಿನ ಹೆಸರು ಕೊರೆದಿದೆ. ಒಂದು ಕಡೆ ಜಜ್ಜಿದೆ, ತಳಕ್ಕೆ ಹೊಸದಾಗಿ ಕಲಾಯಿ ಹಾಕಿಸಿದ್ದಾರೆ. ಜೊತೆಗೊಂದು ಉದ್ದನೆಯ ನೋಟ್‌ಬುಕ್ಕು. ಯಾರು ಒಯ್ದರು, ಯಾವಾಗ ತಂದುಕೊಟ್ಟರು, ಸೌಟು ಎಷ್ಟು, ತಟ್ಟೆ ಎಷ್ಟು, ಎಲ್ಲ ಬರೆದಿದೆ. ಮಗ ಅದನ್ನು ಹಿಡಿದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದ. "ಇದು ಯಾರದ್ದು ಅಜ್ಜ?" ಅಂದ. "ಊರಿನದ್ದು" ಅಂದರು ಅಪ್ಪ. "ಅಂದ್ರೆ ನಮ್ಮದಾ?" "ನಮ್ಮದೂ ಹೌದು." ಅವನಿಗೆ ಅದು ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಬೀದಿಯಲ್ಲಿ ಪ್ರತಿ ಮನೆಗೂ ಒಂದೊಂದು ಹುಲ್ಲು ಕತ್ತರಿಸುವ ಯಂತ್ರ, ಒಂದೊಂದು ಹಿಮ ತಳ್ಳುವ ಯಂತ್ರ ಇರೋದನ್ನು ನೋಡಿ ಬೆಳೆದವನು.

ಅಂಥದ್ದು ಪಾತ್ರೆ ಒಂದೇ ಅಲ್ಲ. ಉತ್ತರ ಕನ್ನಡದ ಅಡಿಕೆ ತೋಟಕ್ಕೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸೌಲಭ್ಯ ಇದೆ. ಒಂದೆಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಭೂಮಿ ಸರ್ಕಾರದ್ದು, ಆದರೆ ಸೊಪ್ಪು, ದರಕು (ಉದುರಿದ ಒಣ ಎಲೆ), ಒಣ ಕಟ್ಟಿಗೆ ತರುವ ಹಕ್ಕು ತೋಟಿಗರದ್ದು. ಗೊಬ್ಬರಕ್ಕೂ ಒಲೆಗೂ ದುಡ್ಡು ಕೊಡಬೇಕಿರಲಿಲ್ಲ. ಅಡಿಕೆ ಸುಲಿಯೋಕೆ ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಿದ್ದರು, ನಾಳೆ ನಾವು ಅವರ ಮನೆಗೆ. ಬೆಲೆ ಇಳಿದರೆ ಸಹಕಾರಿ ಸಂಘ ಇತ್ತು. ಶಿರಸಿಯ ಟಿಎಸ್‌ಎಸ್ (ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ) ಶುರುವಾದದ್ದು 1923ರಲ್ಲಿ. ಒಬ್ಬೊಬ್ಬರೇ ವ್ಯಾಪಾರಿ ಎದುರು ನಿಂತು ಸೋಲುವುದಕ್ಕಿಂತ ಎಲ್ಲರ ಅಡಿಕೆ ಒಂದೇ ಕಡೆ ಮಾರೋಣ ಅಂತ ತೋಟಿಗರು ಕಟ್ಟಿಕೊಂಡ ಸಂಘ. ಅಪ್ಪನ ಕೈಯಲ್ಲಿ ನಗದು ಇಲ್ಲದ ತಿಂಗಳಲ್ಲೂ ಸೊಸೈಟಿ ಖಾತೆಯಲ್ಲಿ ಅಕ್ಕಿ, ಬೇಳೆ ಬರುತ್ತಿತ್ತು. ಕೊಯ್ಲು ಮುಗಿದ ಮೇಲೆ ಲೆಕ್ಕ ಚುಕ್ತಾ.

ಗುಂಪಿನಲ್ಲಿರುವ ಕಾರವಾರದ ಗೆಳತಿ ಅವರ ಅಜ್ಜನ ಕಾಲದ ರಂಪಣಿ ಬಲೆಯ ಕಥೆ ಹೇಳುತ್ತಾರೆ. ಅಷ್ಟು ದೊಡ್ಡ ಬಲೆ ಒಂದು ಮನೆಯವರ ಕೈಲಿ ಆಗುವ ಮಾತಲ್ಲ. ಹತ್ತಾರು ಜನ ದಡದಲ್ಲಿ ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯಬೇಕು. ಎಳೆದವರಿಗೆಲ್ಲ ಪಾಲು. ಸುಮ್ನೆ ಬಂದು ಕೈ ಹಚ್ಚಿದವರೂ ಸಾರಿಗೆ ಆಗುವಷ್ಟು ಮೀನು ಒಯ್ಯುತ್ತಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು, ಅಂದರೆ ಸಮುದ್ರದಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಯಂತ್ರದ ದೋಣಿಗಳು ಬಂದ ಮೇಲೆ ರಂಪಣಿ ಕಡಿಮೆಯಾಗುತ್ತಾ ಹೋಯಿತು. ಆಮೇಲೆ ಮೀನು ಬೋಟು ಇದ್ದವರದ್ದಾಯಿತು.

ನಾನು ಹೇಳಬೇಕಾದದ್ದು ಇದನ್ನೇ. ಅವರ ಮನೆಯೊಳಗೆ ಕಡಿಮೆ ಇತ್ತು, ಆದರೆ ಮನೆಯ ಹೊರಗೆ ಬೇಕಾದಷ್ಟಿತ್ತು. ಬೆಟ್ಟ, ಬಲೆ, ಕೊಪ್ಪರಿಗೆ, ಸೊಸೈಟಿ, ಕರೆದರೆ ಬರುವ ಹತ್ತು ಕೈ. ಇದೆಲ್ಲ ಎಲ್ಲರಿಗೂ ಸಮವಾಗಿ ಸಿಗುತ್ತಿರಲಿಲ್ಲ ಅನ್ನೋದೂ ನಿಜ. ತೋಟ ಇಲ್ಲದ ಕೂಲಿಯವರಿಗೆ ಸೊಪ್ಪಿನ ಬೆಟ್ಟದ ಹಕ್ಕೂ ಇರಲಿಲ್ಲ, ಮತ್ತು ಜಾತಿ ನೋಡಿಯೇ ಎಷ್ಟೋ ಬಾಗಿಲು ತೆರೆಯುತ್ತಿದ್ದವು. ಆದರೆ ಇದ್ದವರಿಗೆ ಅದೇ ಆಸರೆ. ನಾವು ವಿದೇಶಕ್ಕೆ ಬರುವಾಗ ಆ ಹೊರಗಿನದ್ದನ್ನೆಲ್ಲ ಬಿಟ್ಟು ಬಂದೆವು. ಈಗ ಪ್ರತಿಯೊಂದನ್ನೂ ಒಬ್ಬೊಬ್ಬರೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. ಮಗು ನೋಡಿಕೊಳ್ಳೋಕೆ ದುಡ್ಡು, ಬಾಣಂತನಕ್ಕೆ ದುಡ್ಡು, ಮನೆ ಬದಲಾಯಿಸೋಕೆ ದುಡ್ಡು. ಅದಕ್ಕೇ ಎರಡು ಸಂಬಳ ಸಾಲುತ್ತಿಲ್ಲ. ನಮಗೆ ತೃಪ್ತಿ ಕಡಿಮೆ ಅಂತ ಅಲ್ಲ.

ಗುಂಪಿನಲ್ಲಿ ತುಳಸಿ ಗೌಡರ ಫೋಟೋ ಮತ್ತೆ ಮತ್ತೆ ಬರುತ್ತದೆ, 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದದ್ದು. ಏನೂ ಇಲ್ಲದೆ ಎಷ್ಟು ಖುಷಿ ನೋಡಿ ಅಂತ ಕೆಳಗೆ ಬರೆದಿರುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅಂಕೋಲಾದ ಹೊನ್ನಳ್ಳಿಯ ಆ ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದವರು. ಯಾವ ಮರದ ಬೀಜ ಒಳ್ಳೆಯದು, ಅದನ್ನು ಯಾವಾಗ ತೆಗೆಯಬೇಕು ಅನ್ನೋದು ಅವರಿಗೆ ಗೊತ್ತಿತ್ತು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಮಕ್ಕಳಿಗೆ ತೋರಿಸುವುದಾದರೆ ಆ ತಿಳಿವಳಿಕೆಗಾಗಿ ತೋರಿಸೋಣ, ಚಪ್ಪಲಿ ಇಲ್ಲದ ಕಾಲಿಗಾಗಿ ಅಲ್ಲ.

ಮಕ್ಕಳಿಗೆ ಏನು ಹೇಳೋದು ಅನ್ನೋದಕ್ಕೆ ನಮ್ಮ ಮನೆಯ ಅನುಭವ ಹೇಳುತ್ತೇನೆ. ಮಾರ್ಚ್ ರಜೆಯಲ್ಲಿ ಮಗಳ ಕ್ಲಾಸಿನ ಅರ್ಧ ಮಕ್ಕಳು ಮೆಕ್ಸಿಕೊ, ಫ್ಲೋರಿಡಾ ಅಂತ ಹೋಗಿ ಬಂದಿದ್ದರು. "ನಮ್ಮ ಹತ್ರ ದುಡ್ಡಿಲ್ವಾ?" ಅಂತ ಕೇಳಿದಳು. ನಾವು ಇಲ್ಲ ಅನ್ನಲೂ ಇಲ್ಲ, ದುಡ್ಡು ಮುಖ್ಯ ಅಲ್ಲ ಮಗಾ ಅಂತ ಮಾತು ತೇಲಿಸಲೂ ಇಲ್ಲ. ಒಂದು ಹಾಳೆ ತಗೊಂಡು ಬರೆದು ತೋರಿಸಿದೆವು. ಸಂಬಳ ಇಷ್ಟು. ಮನೆಯ ಕಂತು ಇಷ್ಟು, ದಿನಸಿ ಇಷ್ಟು, ನಿಮ್ಮಿಬ್ಬರ ಓದಿಗೆ ಇಷ್ಟು. ಅಜ್ಜನ ಔಷಧಿಗೆ, ತೋಟದ ಕೂಲಿಗೆ ಊರಿಗೆ ಕಳಿಸೋದು ಇಷ್ಟು. ಶಿರಸಿಗೆ ಹೋಗುವ ಟಿಕೆಟ್ಟಿಗೆ ತಿಂಗಳು ತಿಂಗಳು ಎತ್ತಿಡೋದು ಇಷ್ಟು. ಅವಳು ತುಂಬ ಹೊತ್ತು ನೋಡಿದಳು. "ಹಾಗಾದ್ರೆ ಮೆಕ್ಸಿಕೊ ಬದಲು ಶಿರಸಿ" ಅಂದಳು. ಹೌದು, ಅಷ್ಟೇ. ಇಲ್ಲ ಅನ್ನೋದನ್ನು ಮಕ್ಕಳು ತಡೆದುಕೊಳ್ಳುತ್ತಾರೆ. ಯಾಕೆ ಅಂತ ಗೊತ್ತಿಲ್ಲದಿರೋದನ್ನು ತಡೆದುಕೊಳ್ಳುವುದಿಲ್ಲ. ನಾವು ಗುಟ್ಟು ಮಾಡಿದಷ್ಟೂ ಅವರಿಗೆ ನಾವು ಬಡವರೇನೋ ಅಂತ ಹೆದರಿಕೆ ಜಾಸ್ತಿ.

ಇನ್ನೊಂದು ವಿಷಯ, ಚಿಕ್ಕದಾಗಿ. ಈ ಒದ್ದಾಟ ಎಲ್ಲ ಮುಗಿಸಿ ಊರಲ್ಲಿ ಒಂದೆಕರೆ ತೋಟ ತಗೊಂಡು ಆರಾಮಾಗಿ ಇರೋಣ ಅಂತ ಗುಂಪಿನಲ್ಲಿ ಬಹಳ ಜನರ ಆಸೆ. ಅನಿವಾಸಿಗಳು ಭಾರತದಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳೋಕೆ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾನೂನಿನಲ್ಲಿ ಅವಕಾಶ ಇಲ್ಲ. ಹಿರಿಯರಿಂದ ಪಾಲಿಗೆ ಬಂದರೆ ಇಟ್ಟುಕೊಳ್ಳಬಹುದು. ನಂಟರ ಹೆಸರಲ್ಲಿ ಕೊಂಡರೆ ಬೇನಾಮಿ ತೊಡಕಿಗೆ ಸಿಕ್ಕಿಬೀಳಬಹುದು, ಸಂಬಂಧವೂ ಕೆಡುತ್ತದೆ. ಆ ಕನಸಿಗಾಗಿ ಇವತ್ತು ಮಕ್ಕಳ ಜೊತೆ ಕೂರುವ ಹೊತ್ತನ್ನೆಲ್ಲ ಓವರ್‌ಟೈಮಿಗೆ ಕೊಡುವವರು ಮೊದಲು ಒಬ್ಬ ತಿಳಿದವರನ್ನು ಕೇಳಿ.

ನನ್ನ ಸಲಹೆ ಇಷ್ಟು. ನಮ್ಮ ಗುಂಪು ದೀಪಾವಳಿ, ರಾಜ್ಯೋತ್ಸವಕ್ಕೆ ಸೇರಿ ಊಟ ಮಾಡೋದು ಚೆನ್ನಾಗೇ ಇದೆ. ಜೊತೆಗೆ ನಾವೂ ಒಂದಿಷ್ಟು ಸಾಮಾನು ಎಲ್ಲರದ್ದೂ ಅಂತ ಇಟ್ಟುಕೊಳ್ಳೋಣ. ಮಗುವಿನ ತೊಟ್ಟಿಲು, ಕಾರ್ಪೆಟ್ ತೊಳೆಯುವ ಯಂತ್ರ, ಏಣಿ, ಡ್ರಿಲ್, ದೊಡ್ಡ ಪಾತ್ರೆಗಳು, ಮಕ್ಕಳ ಚಳಿಗಾಲದ ಬಟ್ಟೆ. ಮಕ್ಕಳ ಕಾರ್ ಸೀಟು ಮಾತ್ರ ಬೇಡ, ಅದಕ್ಕೆ ಅವಧಿ ಇರುತ್ತದೆ, ಆ ಸೀಟು ಹಿಂದೆ ಅಪಘಾತಕ್ಕೆ ಸಿಕ್ಕಿತ್ತಾ ಅನ್ನೋದೂ ನಮಗೆ ಗೊತ್ತಾಗುವುದಿಲ್ಲ. ಬಾಣಂತಿ ಮನೆಗೆ ಸರದಿಯಲ್ಲಿ ಊಟ ಕಳಿಸೋಣ. ಶನಿವಾರ ಒಬ್ಬರ ಮನೆಯಲ್ಲಿ ಎಲ್ಲ ಮಕ್ಕಳು, ಮುಂದಿನ ಶನಿವಾರ ಇನ್ನೊಬ್ಬರ ಮನೆಯಲ್ಲಿ. ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ ಅಂತ ನಾವು ನಾಲ್ಕು ಮನೆಯವರು ಆಗಲೇ ಮಾತಾಡಿಕೊಂಡಿದ್ದೇವೆ, ಮಕ್ಕಳು ಒಂದು ದಿನವೂ ಕೇಳಿಲ್ಲ. ಹೊಸದಾಗಿ ಬಂದ ಕುಟುಂಬ ಯಾವ ಜಾತಿ, ಯಾವ ಜಿಲ್ಲೆ ಅಂತ ನೋಡದೆ ಇದು ಎಲ್ಲರಿಗೂ ಇರಲಿ.

ಆಗಸ್ಟ್ ಕೊನೆಗೆ ನಾವು ವಾಪಸ್ ಬರುತ್ತೇವೆ. ನಮ್ಮ ಗ್ಯಾರೇಜು ಖಾಲಿ ಇದೆ, ಸಾಮಾನು ಅಲ್ಲೇ ಇಡಬಹುದು. ಬರೆದಿಡುವ ಕೆಲಸ ನಾನು ಮಾಡುತ್ತೇನೆ. ಮಗನಿಗೆ ಚಿಕ್ಕದಾದ ಸ್ನೋ ಪ್ಯಾಂಟು, ಜಾಕೆಟ್ಟು, ಬೂಟು ಇವೆ, ಆರೇಳು ವರ್ಷದವರಿಗೆ ಆಗುತ್ತೆ. ಮಗಳಿಗೆ ಈ ಸಲ ಹತ್ತು ವರ್ಷದವರ ಅಳತೆಯ ಜಾಕೆಟ್ಟು ಬೇಕು. ನಿಮ್ಮ ಹತ್ತಿರ ಏನಿದೆ, ಏನು ಬೇಕು ಅಂತ ಕೆಳಗೆ ಬರೆಯಿರಿ.