ಅಪ್‌ಡೇಟ್: ಲ್ಯಾಬ್ರಡಾರ್ ಮರಿ ನೋಡಿ ಬಂದೆ, ಇನ್ನೂ ತಂದಿಲ್ಲ

ಬ್ರೀಡರ್ ಹತ್ತಿರ ಲ್ಯಾಬ್ರಡಾರ್ ಮರಿ ತಗೊಳ್ಳೋ ಮುಂಚೆ ಏನೇನು ನೋಡಬೇಕು ಅಂತ ಹೋದ ತಿಂಗಳು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ತಾಯಿ ನಾಯಿಯನ್ನು ನೋಡದೆ ಮುಂಗಡ ಕೊಡಬೇಡಿ ಅಂತ ನೀವು ಹೇಳಿದ್ದು ಒಳ್ಳೆಯದಾಯ್ತು. ಮೊದಲು ಹೋದ ಕಡೆ ತಾಯಿ ಎಲ್ಲಿ ಅಂದರೆ "ಬೇರೆ ಕಡೆ ಇದೆ" ಅಂದರು. ಮರಿಗೆ 8 ವಾರ ಅಂದಿದ್ದರು, ಆದರೆ ಲಸಿಕೆ ಕಾರ್ಡ್‌ನಲ್ಲಿದ್ದ ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿದರೆ 6 ವಾರವೂ ಆಗಿರಲಿಲ್ಲ. ಅಷ್ಟು ಬೇಗ ತಾಯಿ, ಒಡಹುಟ್ಟಿದ ಮರಿಗಳಿಂದ ಬೇರೆ ಮಾಡಿದರೆ ಎಷ್ಟು ಜೋರಾಗಿ ಕಚ್ಚಬಾರದು ಅನ್ನೋದನ್ನೂ ಅದು ಸರಿಯಾಗಿ ಕಲಿತಿರಲ್ಲ, ಅಲ್ವಾ? ಮರಿ ಮಾತ್ರ ನನ್ನ ಶೂ ಲೇಸ್ ಎಳೀತಾ ಕೂತಿತ್ತು, ಬಿಟ್ಟು ಬರೋಕೆ ಕಷ್ಟವಾಯ್ತು.

ಎರಡನೇ ಕಡೆ ತಾಯಿ ಬಾಲ ಆಡಿಸ್ತಾ ತಾನೇ ಬಂತು. ತಂದೆ ತಾಯಿ ಎರಡರದ್ದೂ ಸೊಂಟದ ಎಕ್ಸ್‌ರೇ ವರದಿ, ಕಣ್ಣಿನ ಕಾಯಿಲೆಯ ಜೀನ್ ಟೆಸ್ಟ್ ವರದಿ, ಎಲ್ಲಾ ಕೇಳೋ ಮುಂಚೆಯೇ ತೋರಿಸಿದರು. ಪೆಡಿಗ್ರಿ ಪತ್ರ ವಂಶ ಹೇಳುತ್ತೆ, ಆರೋಗ್ಯ ಹೇಳಲ್ಲ ಅಂತ ನನಗೆ ಆಗಲೇ ಗೊತ್ತಾಗಿದ್ದು. ಹಗಲು ಮನೆಯಲ್ಲಿ ಯಾರಿರ್ತಾರೆ ಅಂತ ಅವರೇ ನನ್ನನ್ನು ವಿಚಾರಿಸಿಕೊಂಡರು! ಈ ಸಲದ ಮರಿಗಳೆಲ್ಲಾ ಬುಕ್ ಆಗಿವೆಯಂತೆ. ಮುಂದಿನ ಸಲಕ್ಕೆ ಹೆಸರು ಬರೆಸಿ ಬಂದಿದ್ದೇನೆ.