ಮುನ್ನೂರು ಪುಟದ ಮ್ಯಾನ್ಯುಯಲ್, ಕೊನೆಗೆ ಪಿಡಿಎಫ್: ಯಾವ ಸಾಫ್ಟ್‌ವೇರ್ ಹಿಡಿಯೋದು?

ಗ್ರೀಸ್‌ಗನ್:
ಒಂದು ಮಷೀನಿನ ಮೇಂಟೆನೆನ್ಸ್ ಮ್ಯಾನ್ಯುಯಲ್ ಬರೀಬೇಕು, ಮುನ್ನೂರು ಪುಟ ಆಗ್ಬೋದು, ತುಂಬಾ ಟೇಬಲ್ಲು, ಸ್ಕ್ರೀನ್‌ಶಾಟು, "ಚಿತ್ರ 4.7 ನೋಡಿ" ಥರದ್ದು ಪುಟಪುಟಕ್ಕೂ ಇರತ್ತೆ. ಬಹುಪಾಲು ಇಂಗ್ಲಿಷು, ಎಚ್ಚರಿಕೆ ಸೂಚನೆ ಮಾತ್ರ ಕನ್ನಡದಲ್ಲೂ ಬೇಕು. ಹಿಂದಿನ ಆವೃತ್ತಿಯಲ್ಲಿ ಮಧ್ಯೆ ಒಂದು ಚಿತ್ರ ತುರುಕಿದ್ರೆ ಮುಂದಿನ ನಂಬರೆಲ್ಲಾ ಕೈಯಲ್ಲೇ ತಿದ್ದಬೇಕಿತ್ತು, ಪಿಡಿಎಫ್‌ನಲ್ಲಿ ಬುಕ್‌ಮಾರ್ಕೇ ಇಲ್ಲ, ಪರಿವಿಡಿ ಕ್ಲಿಕ್ ಮಾಡಿದ್ರೆ ಎಲ್ಲಿಗೂ ಹೋಗಲ್ಲ. ವರ್ಡಾ, ಲಿಬ್ರೆಆಫೀಸಾ, ಇಲ್ಲಾ ಕೋಡ್ ಥರ ಆಜ್ಞೆ ಬರೆದು ಪುಟ ಜೋಡಿಸೋ ಲೇಟೆಕ್ಕಾ? ಬರೆಯೋರು ಮೂರು ಜನ, ಅದ್ರಲ್ಲಿ ಇಬ್ರಿಗೆ ಕೋಡ್ ಅಂದ್ರೆ ಆಗಲ್ಲ.

ಅಡಿಟಿಪ್ಪಣಿ:
ಹಂಗಾದ್ರೆ ಲೇಟೆಕ್ ಬಿಟ್ಬಿಡಿ ಸಾರ್. ನೀವು ಹೇಳಿದ ತೊಂದ್ರೆ ಯಾವ ಸಾಫ್ಟ್‌ವೇರಿಗೆ ಹೋದ್ರೂ ಬೆನ್ನು ಬಿಡಲ್ಲ, ಯಾಕಂದ್ರೆ ಅಧ್ಯಾಯದ ಹೆಸರನ್ನ ಬೋಲ್ಡ್ ಮಾಡಿ ಸೈಜ್ ಏರಿಸಿದ್ರೆ ಅದು ಹೆಡಿಂಗ್ ಅಂತ ಅದಕ್ಕೆ ಗೊತ್ತಾಗಲ್ಲ, ಹೆಡಿಂಗ್ 1, ಹೆಡಿಂಗ್ 2 ಸ್ಟೈಲೇ ಹಾಕ್ಬೇಕು. ಚಿತ್ರದ ನಂಬರ್ ಟೈಪ್ ಮಾಡ್ಲೇಬೇಡಿ, ವರ್ಡ್‌ನಲ್ಲಿ ಇನ್ಸರ್ಟ್ ಕ್ಯಾಪ್ಷನ್, ಆಮೇಲೆ 'ಚಿತ್ರ ನೋಡಿ' ಅನ್ನೋ ಕಡೆಯೆಲ್ಲಾ ಕ್ರಾಸ್ ರೆಫರೆನ್ಸ್, ಕೊನೆಗೆ ಕಂಟ್ರೋಲ್ ಎ ಒತ್ತಿ ಎಫ್9, ನಂಬರೆಲ್ಲಾ ತಾನೇ ಸರಿಹೋಗತ್ತೆ. ಮತ್ತೆ ಪ್ರಿಂಟ್‌ಗೆ ಹೋಗಿ ಪಿಡಿಎಫ್ ಪ್ರಿಂಟರ್ ಆರಿಸ್ತಿದ್ರಾ? ಆ ದಾರೀಲಿ ಲಿಂಕು ಬುಕ್‌ಮಾರ್ಕು ಎಲ್ಲಾ ಕಳಚಿ ಬೀಳತ್ತೆ. ಸೇವ್ ಆ್ಯಸ್‌ನಲ್ಲಿ ಪಿಡಿಎಫ್ ಆರಿಸಿ, ಆಪ್ಷನ್ಸ್ ಒಳಗೆ ಹೆಡಿಂಗ್‌ನಿಂದ ಬುಕ್‌ಮಾರ್ಕ್ ಮಾಡೋ ಟಿಕ್ ಹಾಕಿ.

ಬಾಲಂಗೋಚಿ:
ನನ್ ಓಟು ಲಿಬ್ರೆಆಫೀಸ್ ರೈಟರ್‌ಗೆ. ಅಧ್ಯಾಯಕ್ಕೊಂದು ಫೈಲ್ ಮಾಡಿ ಮಾಸ್ಟರ್ ಡಾಕ್ಯುಮೆಂಟ್‌ನಲ್ಲಿ ಸೇರಿಸಿದ್ರೆ ಮೂರೂ ಜನ ಬೇರೆ ಬೇರೆ ಅಧ್ಯಾಯ ಹಿಡ್ಕೊಂಡು ಕೂರಬಹುದು, ಆದ್ರೆ ಮೂವರೂ ಒಂದೇ ಟೆಂಪ್ಲೇಟ್ ಬಳಸ್ಬೇಕು. ಚಿತ್ರಕ್ಕೆ ಆ್ಯಂಕರ್ 'ಆ್ಯಸ್ ಕ್ಯಾರೆಕ್ಟರ್' ಕೊಡಿ, ಇದ್ದ ಜಾಗ ಬಿಟ್ಟು ಹಾರಲ್ಲ. ಎಕ್ಸ್‌ಪೋರ್ಟ್ ಮಾಡೋವಾಗ ಇಮೇಜ್ ಕಂಪ್ರೆಷನ್ ಜೆಪೆಗ್ 90% ಅಂತ ಇರತ್ತೆ, ಸ್ಕ್ರೀನ್‌ಶಾಟ್‌ನ ಸಣ್ಣ ಅಕ್ಷರದ ಸುತ್ತ ಮಸಿ ಮಸಿ ಕಾಣೋದು ಅದಕ್ಕೇ. ಲಾಸ್‌ಲೆಸ್ (ಗುಣಮಟ್ಟ ಕಳೆಯದ ಕಂಪ್ರೆಷನ್) ಮಾಡಿ, ಫೈಲ್ ದಪ್ಪ ಆದ್ರೂ ಪರ್ವಾಗಿಲ್ಲ. ಒಂದು ಮಾತ್ರ, ಕಡತವನ್ನ ವರ್ಡ್‌ಗೂ ರೈಟರ್‌ಗೂ ಓಡಾಡಿಸಬೇಡಿ, ಯಾವ್ದೋ ಒಂದ್ರಲ್ಲೇ ಇರಿ.

ಬ್ಯಾಕ್‌ಸ್ಲ್ಯಾಷ್:
ಲೇಟೆಕ್‌ನ ಇಷ್ಟು ಸಲೀಸಾಗಿ ತಳ್ಳಿಹಾಕ್ಬೇಡ್ರಪ್ಪ. ಕೋಡ್ ಬರದವರಿಗೆ ಲಿಕ್ಸ್ ಅಂತ ಇದೆ, ನೋಡೋಕೆ ಮಾಮೂಲಿ ಎಡಿಟರ್ ಥರಾನೇ, ಹಿಂದೆ ಲೇಟೆಕ್ ಕೆಲ್ಸ ಮಾಡತ್ತೆ. ಕನ್ನಡ ಬೇಕಂದ್ರೆ, ಲೇಟೆಕ್‌ನಿಂದ ಪಿಡಿಎಫ್ ಮಾಡೋ ಎಂಜಿನ್‌ಗಳಲ್ಲಿ ಪಿಡಿಎಫ್‌ಲೇಟೆಕ್ ಬೇಡ, ಜೀಲೇಟೆಕ್ (XeLaTeX) ಅಥವಾ ಲುವಾಲೇಟೆಕ್ ತಗೊಳ್ಳಿ. ಸಮೀಕರಣ ಜಾಸ್ತಿ ಇದ್ರೆ ಇದರ ಮುಂದೆ ಬೇರೆ ಯಾವ್ದೂ ನಿಲ್ಲಲ್ಲ. ಆದ್ರೆ ಪುಟದ ತುಂಬಾ ಸೆಲ್ ಕೂಡಿಸಿದ ಟೇಬಲ್ ಇದ್ರೆ, ಸರಿ, ನಾನೂ ಸುಮ್ನಾಗ್ತೀನಿ.

ಗ್ರೀಸ್‌ಗನ್:
ಸಮೀಕರಣ ಇಲ್ವೇ ಇಲ್ಲ, ಟೇಬಲ್ಲೇ ಎಲ್ಲಾ. ಪ್ರಿಂಟ್ ದಾರೀಲೇ ಹೋಗ್ತಿದ್ದಿದ್ದು ನಿಜ. ಎಚ್ಚರಿಕೆ ಸೂಚನೆಗಳು ಹಳೇ ನುಡಿ ಫಾಂಟ್‌ನಲ್ಲಿವೆ, ಹಂಗೇ ಪೇಸ್ಟ್ ಮಾಡ್ಬೋದಾ?

ಅಡಿಟಿಪ್ಪಣಿ:
ಬೇಡ, ಮೊದ್ಲು ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ಅದರದ್ದೇ ಸಂಕೇತ ಇರೋ ಪದ್ಧತಿ) ಕನ್ವರ್ಟ್ ಮಾಡ್ಕೊಳ್ಳಿ. ನುಡಿಯಂಥ ಹಳೇ ಆ್ಯನ್ಸಿ ಫಾಂಟ್‌ನಲ್ಲಿ ಕಣ್ಣಿಗೆ ಕನ್ನಡ ಕಂಡ್ರೂ ಒಳಗಿರೋದು ಬೇರೆ ಅಕ್ಷರ, ಪಿಡಿಎಫ್‌ನಲ್ಲಿ 'ಎಚ್ಚರಿಕೆ' ಅಂತ ಹುಡುಕಿದ್ರೆ ಸಿಗಲ್ಲ. ಯೂನಿಕೋಡ್ ಆದ್ಮೇಲೂ ಹತ್ತು ಪುಟದ ಸ್ಯಾಂಪಲ್ ಪಿಡಿಎಫ್ ಮಾಡಿ ಒತ್ತಕ್ಷರ ಇರೋ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ, ಕೆಲವು ಸಲ ಅಕ್ಷರ ಹಿಂದುಮುಂದಾಗಿ ಬರತ್ತೆ. ವರ್ಡು, ರೈಟರು ಎರಡರಲ್ಲೂ ಮಾಡಿ ನೋಡಿ, ಯಾವ್ದ್ರಲ್ಲಿ ಸರಿಯಾಗಿ ಬಂತೋ ಅದ್ರಲ್ಲೇ ಶುರು ಹಚ್ಕೊಳ್ಳಿ.