ವೀರಗಲ್ಲು, ಶಾಸನ ನೋಡೋ ಪ್ರವಾಸಕ್ಕೆ ಜನ ಉಳಿಯೋ ಹಾಗೆ ಮಾಡೋದು ಹೇಗೆ?

ನಮ್ಮ ತಾಲ್ಲೂಕಲ್ಲಿ ಒಂದು ಚಿಕ್ಕ ಇತಿಹಾಸ ಬಳಗ ಇದೆ, ತಿಂಗಳಿಗೊಂದು ಭಾನುವಾರ ಹಳ್ಳಿ ಕಡೆ ಹೋಗ್ತೀವಿ. ಮೊದಲು ನಲವತ್ತು ಜನ ಬರ್ತಿದ್ರು, ಈಗ ಹತ್ತೂ ಆಗಲ್ಲ, ಬಂದವರೂ ಮಧ್ಯಾಹ್ನಕ್ಕೆ ಸುಸ್ತಾಗಿ ಮನೆಗೆ ಹೋಗೋಣ ಅಂತಾರೆ. ಎಲ್ಲಿ ಎಡವ್ತಿದೀವಿ ಅಂತ ಅನುಭವ ಇರೋರು ಹೇಳಿ.

ನಾವೂ ಇದೇ ಪಾಡು ಪಟ್ಟಿದೀವಿ ಸರ್. ಒಂದೇ ದಿನಕ್ಕೆ ಐದು ಊರು ಹಾಕ್ಕೊಂಡು ಬಸ್ ಇಳಿ, ಫೋಟೋ ತೆಗಿ, ಬಸ್ ಹತ್ತು, ಸಂಜೆ ಹೊತ್ತಿಗೆ ಯಾವ ಕಲ್ಲು ಯಾವ ಊರ್ದು ಅಂತ ಯಾರಿಗೂ ನೆನಪಿರ್ತಿರ್ಲಿಲ್ಲ. ಈಗ ಒಂದೇ ಊರು, ಒಂದು ಕಲ್ಲಿನ ಮುಂದೆ ಮುಕ್ಕಾಲು ಗಂಟೆ ಕೂತ್ಕೋತೀವಿ. ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ನೋಡ್ಬೇಕು ಅನ್ನೋದು ತುಂಬಾ ಜನಕ್ಕೆ ಗೊತ್ತಿರಲ್ಲ, ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗೋದು, ಮೇಲೆ ಅವನು ಲಿಂಗದ ಮುಂದೆ ಕೂತಿರೋದು, ತುದೀಲಿ ಸೂರ್ಯ ಚಂದ್ರ. ಆದ್ರೆ ಇದನ್ನ ನೀವೇ ಮೊದಲು ಹೇಳ್ಬಿಡಬೇಡಿ. ನಮ್ ಜೊತೆ ಬಂದಿದ್ದ ಆರನೇ ಕ್ಲಾಸ್ ಹುಡುಗಿ ಕಲ್ಲಿಗೆ ಮೂಗು ತಾಗೋ ಹಾಗೆ ಬಗ್ಗಿ "ಇಲ್ಲಿ ಹಸುಗಳು ಯಾಕಿವೆ" ಅಂದ್ಲು, ಅಲ್ಲಿಂದ ತುರುಗೋಳು, ಅಂದ್ರೆ ಊರಿನ ದನ ಹೊಡ್ಕೊಂಡು ಹೋಗೋದ್ರ ಮಾತು ಶುರುವಾಯ್ತು, ದನ ಬಿಡಿಸ್ಕೊಳೋಕೆ ಹೋಗಿ ಸತ್ತವನ ಕಲ್ಲು ಅಂತ ಗೊತ್ತಾದಾಗ ಪಕ್ಕದ ಜಗಲಿ ಮೇಲಿದ್ದ ಅಜ್ಜ ಎದ್ದು ಬಂದು ನಮ್ ಜೊತೆ ಕೂತ್ರು. ಅವತ್ತು ಯಾರೂ ಟೈಮ್ ನೋಡ್ಲಿಲ್ಲ.

ಇದಕ್ಕೆ ಒಂದು ಸೇರಿಸ್ತೀನಿ ಅಣ್ಣ, ಹೊತ್ತು ಮುಖ್ಯ. ನೆತ್ತಿ ಮೇಲೆ ಬಿಸಿಲಿದ್ರೆ ಅಕ್ಷರನೇ ಕಾಣಲ್ಲ, ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ಇಲ್ಲಾಂದ್ರೆ ಪಕ್ಕದಿಂದ ಟಾರ್ಚ್ ಹಿಡೀರಿ, ಸವೆದಿರೋ ಅಕ್ಷರನೂ ಎದ್ದು ಬರುತ್ತೆ. ಬಿ.ಎಲ್. ರೈಸ್ ಅವರು 1886ರಿಂದ ತಂದ ಎಪಿಗ್ರಾಫಿಯ ಕರ್ನಾಟಿಕ ಅನ್ನೋ ಶಾಸನ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ, ನಿಮ್ಮೂರಿಂದು ಇದ್ರೆ ಆ ಶಾಸನದ ಸಾಲುಗಳ ಜೆರಾಕ್ಸ್ ಹಂಚಿ, ಒಂದೊಂದೇ ಅಕ್ಷರ ಹೊಂದಿಸೋಕೆ ಬಿಡಿ. ದಯವಿಟ್ಟು ಸೀಮೆಸುಣ್ಣ, ಎಣ್ಣೆ, ಹಿಟ್ಟು ಏನೂ ಬಳಿಯೋದು ಬೇಡ. ನಮ್ಮವರೊಬ್ರು ಪಾಚಿ ತೆಗೀತೀನಿ ಅಂತ ತಂತಿ ಬ್ರಷ್ ಹಾಕಿ ಎರಡು ಸಾಲು ಉದುರಿಸಿಬಿಟ್ರು, ಆ ಸಾಲು ಇನ್ಯಾವತ್ತೂ ವಾಪಸ್ ಬರಲ್ಲ, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಸುದ್ದಿ ಬರೆಯೋದನ್ನೂ ಬಿಡಬೇಡಿ ಮೇಷ್ಟ್ರೇ. ಅವತ್ತು ರಾತ್ರಿನೇ ಅರ್ಧ ಪುಟ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿ, ಬರದೇ ಇದ್ದವರು ಮುಂದಿನ ಸಲ ಬರ್ತಾರೆ. ಆದ್ರೆ ಹೊಲದ ನಡುವೆ ಒಂಟಿಯಾಗಿರೋ ಕಲ್ಲಿನ ಲೊಕೇಶನ್ ಎಲ್ಲರಿಗೂ ಕಾಣೋ ಹಾಗೆ ಹಾಕ್ಬೇಡಿ, ನಿಧಿ ಆಸೆಗೆ ಬುಡ ಅಗೆಯೋರು ಇದಾರೆ. ಒಂದು ಪ್ರಿಂಟ್ ಆ ಊರಿನ ಶಾಲೆಗೂ ಕೊಡಿ. ನಾವು ಹಾಗೆ ಕೊಟ್ಟು ಬಂದ ಊರಲ್ಲಿ ಕಲ್ಲು ಬಟ್ಟೆ ಒಗೆಯೋಕೆ ಅಂತ ಬೋರ್‌ವೆಲ್ ಹತ್ರ ಮಕಾಡೆ ಬಿದ್ದಿತ್ತು, ಮೂರು ತಿಂಗಳಾದ್ಮೇಲೆ ಹೋದ್ರೆ ಊರಿನ ಹುಡುಗರೇ ಅದನ್ನ ಎತ್ತಿ ಅರಳಿಕಟ್ಟೆ ಪಕ್ಕ ನಿಲ್ಲಿಸಿದ್ರು.